ಬರೆದುಕೊಳ್ಳದೆ ಬಿಟ್ಟ ಹೇಳಿಕೆ

2025ರ ಸೆಪ್ಟೆಂಬರ್ 15, ಸೋಮವಾರ ಬೆಳಿಗ್ಗೆ 9.40ಕ್ಕೆ ತಳೇವಾಡಿ ಪೊಲೀಸ್ ಠಾಣೆಗೆ ಒಂದು ದೂರು ಬಂತು. ಒಂದೂವರೆ ಲಕ್ಷ ಮೀನಿನ ಮರಿ ಕಳುವಾಗಿದೆ ಎಂದು. ದೂರು ತಂದವನು ಗೋವಿಂದ ಲಿಂಬೋರೆ, ಗೋದಾಮಾಯಿ ಮೀನುಗಾರರ ಸಹಕಾರಿ ಸಂಘದ ಅಧ್ಯಕ್ಷ. ಜೊತೆಗೆ ಬಂದ ಆರು ಜನ ಒಳಗೆ ಬರಲಿಲ್ಲ. ತಮ್ಮ ಮೈಯ ಮೀನುವಾಸನೆ ಸಾಹೇಬರಿಗೆ ಆಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಸಾಹೇಬರೆಂದರೆ ಸಹಾಯಕ ಪೊಲೀಸ್ ಇನ್ಸ್‌ಪೆಕ್ಟರ್ ಓಂಕಾರ ಮೂಲಗೆ. ತಂದೆ ಬೀದರ್ ಜಿಲ್ಲೆಯ ಭಾಲ್ಕಿಯಿಂದ ಬಟ್ಟೆ ವ್ಯಾಪಾರಕ್ಕೆಂದು ಛತ್ರಪತಿ ಸಂಭಾಜಿನಗರಕ್ಕೆ ಬಂದವರು. ಮನೆಯಲ್ಲಿ ಲಿಂಗಪೂಜೆ, ಸಸ್ಯಾಹಾರ, ಕನ್ನಡ, ಹೊರಗೆ ಮರಾಠಿ. ತಳೇವಾಡಿ ಠಾಣೆ ಪೈಠಣದ ದಾರಿಯಲ್ಲಿದೆ, ಜಾಯಕವಾಡಿ ಅಣೆಕಟ್ಟಿನ ಹಿನ್ನೀರಿಗೆ ಹತ್ತಿರ. ಅರ್ಧ ದೂರುಗಳು ಮೀನಿನವೇ ಆಗಿರುವ ಠಾಣೆಗೆ ಇಂಥ ಅಧಿಕಾರಿ ಬಂದದ್ದು ವರ್ಗಾವಣೆ ಪಟ್ಟಿಯ ತಮಾಷೆ.

"ಮರಿ ಹೋದದ್ದು ಹೇಗೆ ಗೊತ್ತಾಯಿತು?"

"ಜುಲೈ 12ಕ್ಕೆ ಮರಿಕೆರೆಗೆ ಎಣಿಸಿ ಬಿಟ್ಟಿದ್ದೆವು ಸಾಹೇಬ್. ರೋಹು, ಕಟ್ಲಾ. ನಿನ್ನೆ ನಾಲ್ಕು ಮೂಲೆಯಲ್ಲೂ ಬೀಸುಬಲೆ ಹಾಕಿದೆವು. ಒಂಬತ್ತು ಸಿಕ್ಕವು."

ಮರಿಕೆರೆ ಎಂದರೆ ಮೀನಿನ ಅಂಗನವಾಡಿ. ಮರಿಗಳು ದಸರೆಯ ಹೊತ್ತಿಗೆ ಬೆರಳುದ್ದವಾಗಬೇಕು, ಆಮೇಲೆ ಹಿನ್ನೀರಿಗೆ ಬಿಡಬೇಕು. ಮುಂದಿನ ವರ್ಷ ನಲವತ್ತು ಮನೆಗಳ ಬಲೆಗೆ ಬೀಳಬೇಕಾದದ್ದು ಅವೇ.

"ಬೇಲಿ ಮುರಿದಿದೆಯೆ? ಗೇಟು?"

"ಎಲ್ಲ ಸರಿಯಾಗಿದೆ."

"ಕಾವಲು ಯಾರು?"

"ಮಹಿಬೂಬ. ಆರು ವರ್ಷದಿಂದ ಇದ್ದಾನೆ."

"ಅವನ ಮೇಲೆ ಅನುಮಾನ?"

ಗೋವಿಂದ ತಲೆ ಅಲ್ಲಾಡಿಸಿದ. "ಇಲ್ಲ ಸಾಹೇಬ್. ಒಳ್ಳೆಯವನು."

10.25ಕ್ಕೆ ಅಪರಿಚಿತರ ವಿರುದ್ಧ FIR ದಾಖಲಾಯಿತು. ಕಾಗದದ ಮೇಲೆ ಅಪರಿಚಿತರು. ಓಂಕಾರನ ತಲೆಯಲ್ಲಿ ಮಾತ್ರ ಹೆಸರು ಆಗಲೇ ಕೂತಿತ್ತು.

11.50ಕ್ಕೆ ಸ್ಥಳ ಪಂಚನಾಮೆ. ಅರ್ಧ ಎಕರೆಯ ಕೆರೆ, ಸುತ್ತ ತಂತಿಬೇಲಿ, ಒಂದು ಕಡೆ ಕಾವಲಿನ ಗುಡಿಸಲು, ಎದುರು ದಂಡೆಯಾಚೆ ಹೊಸ ಕಾಲೊನಿ. ಕಾನ್ಸ್‌ಟೇಬಲ್ ವಿಶಾಲ ಟೇಪು ಹಿಡಿದು ಅಳೆದ. ಹವಾಲ್ದಾರ್ ಮಂದಾಕಿನಿ ದಂಡೆ ಸುತ್ತಿ ಬರೆದುಕೊಂಡಳು. ಓಂಕಾರ ಮೂಗಿಗೆ ಕರವಸ್ತ್ರ ಹಿಡಿದು ಗೇಟಿನಲ್ಲೇ ನಿಂತ. ಮೀನು ತಿನ್ನದಿರುವುದು ಯಾರ ತಪ್ಪೂ ಅಲ್ಲ. ಆದರೆ ಪಂಚನಾಮೆಯನ್ನು ಗೇಟಿನಲ್ಲಿ ನಿಂತು ಮಾಡುವುದು ಯಾವ ಧರ್ಮದಲ್ಲೂ ಇಲ್ಲ.

"ಸರ್, ನೀರಲ್ಲಿ ಏನೋ ದೊಡ್ಡದು ಮೇಲೆ ಬಂದು ಉಸಿರು ತೆಗೆದುಕೊಳ್ಳುತ್ತಿದೆ," ಎಂದಳು ಮಂದಾಕಿನಿ.

"ಕಪ್ಪೆ ಇರಬೇಕು."

"ಕಪ್ಪೆಯಲ್ಲ ಸರ್."

ಅಷ್ಟರಲ್ಲಿ ಸಾಹೇಬರು ಜೀಪು ಹತ್ತಿ ಕೂತಿದ್ದರು.

ಸಂಜೆ 5ಕ್ಕೆ ಓಂಕಾರ ಒಬ್ಬನೇ ಆ ಕಾಲೊನಿಗೆ ಹೋದ. ಅಲ್ಲಿ ಗುರುಲಿಂಗಪ್ಪನವರ ಮನೆಯಿತ್ತು. ಕಲಬುರಗಿ ಕಡೆಯ ಚಿಂಚೋಳಿಯವರು, ನಿವೃತ್ತ ಬ್ಯಾಂಕ್ ಮ್ಯಾನೇಜರು, ಊರಿನ ಶರಣ ಸಂಘದ ಅಧ್ಯಕ್ಷರು. ಹಿಂದಿನ ಬಸವ ಜಯಂತಿಯಲ್ಲಿ ಅವರು ಜ್ಯೋತಿಷಿಗಳ ಚರ್ಮ ಸುಲಿದ ಭಾಷಣಕ್ಕೆ ಚಪ್ಪಾಳೆ ನಿಂತಿರಲಿಲ್ಲ. ವೇದಿಕೆಯ ಮೇಲೆ ಅತಿಥಿಯಾಗಿ ಕೂತಿದ್ದ ಓಂಕಾರನೂ ಚಪ್ಪಾಳೆ ತಟ್ಟಿದ್ದ. ಸಾಕ್ಷಿಯನ್ನು ಠಾಣೆಗೆ ಕರೆಸುವ ಬದಲು ಅವನು ಸೋಫಾದ ಮೇಲೆ ಕೂತ. ಎಂಟು ತಿಂಗಳ ಬಸುರಿ ಮಗಳು ಭಾಗ್ಯಶ್ರೀ ಚಹಾ, ಚೂಡಾ ತಂದಿಟ್ಟು ಒಳಗೆ ಹೋದಳು.

"ನಿಮ್ಮ ಗಚ್ಚಿ ಮ್ಯಾಲಿಂದ ಆ ಕೆರಿ ಕಾಣಸ್ತದಲ್ರಿ ಅಣ್ಣಾರ?"

"ಕಾಣಸ್ತದ್ರಿ. ಯಾಕ, ಏನಾಗೇದ?"

"ಮೀನಿನ ಮರಿ ಹೋಗ್ಯಾವಂತ. ಒಂದೂವರೆ ಲಾಖ."

ಗುರುಲಿಂಗಪ್ಪನವರು ಕಪ್ಪು ಕೆಳಗಿಟ್ಟರು. "ಎಲ್ಲಾನೂ?"

"ಎಲ್ಲಾನೂ ರೀ. ಆ ವಾಚ್‌ಮನ್ ಏನರೆ ಮಾಡೋದು ನೋಡೀರೇನು?"

ಅವರು ಕಿಟಕಿಯ ಕಡೆ ನೋಡಿದರು. "ನೀರಾಗ ಇಳಿದು ಬಲಿ ಎಳಿಯೋದು ನೋಡೀನ್ರಿ. ಎರಡು ಮೂರು ಸಲ."

"ಹಿಡದಿದ್ದು ಏನ್ ಮಾಡದಾ?"

"ಡಬ್ಬಿದಾಗ ತುಂಬಿ ಗಾಡಿ ಮ್ಯಾಲ ಹೇರದಾ."

"ಗಾಡಿ ಯಾವುದು?"

"ಅಷ್ಟು ನದರಿಗಿ ಬೀಳಲಿಲ್ರಿ."

ಯಾವ ದಿನ, ಎಷ್ಟು ಗಂಟೆಗೆ, ಮಾಳಿಗೆಯ ಗಚ್ಚಿಯಿಂದ ದಂಡೆಗೆ ಎಷ್ಟು ದೂರ ಎಂದು ಹೊಸದಾಗಿ ಸೇರಿದ ಕಾನ್ಸ್‌ಟೇಬಲ್ ಕೂಡ ಕೇಳುತ್ತಿದ್ದ. ಓಂಕಾರ ಕೇಳಲಿಲ್ಲ. ಹಣೆಯ ಮೇಲೆ ವಿಭೂತಿ, ಮಾತಿನಲ್ಲಿ ನಮ್ಮ ಕಡೆಯ ಕನ್ನಡ. ಅವನಿಗೆ ಅಷ್ಟು ಸಾಕಾಗಿತ್ತು.

ಮರುದಿನ 16ನೇ ತಾರೀಖು, ಬೆಳಿಗ್ಗೆ 8.15ಕ್ಕೆ ಮಹಿಬೂಬನನ್ನು ಅವನ ಓಣಿಯಿಂದಲೇ ಎತ್ತಿದರು. ಮಕ್ಕಳು ಶಾಲೆಗೆ ಹೊರಟ ಹೊತ್ತು. ಜೀಪಿನ ಹಾರ್ನಿಗೆ ಬಾಗಿಲುಗಳೆಲ್ಲ ತೆರೆದವು. ಮಹಿಬೂಬನ ಮಗಳು ಪಾಟಿಚೀಲ ಹೊತ್ತು ನಿಂತಿದ್ದಳು. ಆರೋಪ, ಯಜಮಾನನ ಸ್ವತ್ತನ್ನು ನೌಕರ ಕದ್ದದ್ದು, ಭಾರತೀಯ ನ್ಯಾಯ ಸಂಹಿತೆ ಕಲಂ 306.

ಠಾಣೆಯಲ್ಲಿ ಅವನು ಬಾಯಿ ಬಿಟ್ಟದ್ದೇ ಕನ್ನಡದಲ್ಲಿ. "ಸಾಹೇಬ್ರ, ನಾನೂ ಆಳಂದ ಕಡಿಯಾಂವ್ರಿ. ನಂದೊಂದು ಮಾತ್ ಕೇಳ್ರಿ."

"ಮರಾಠಿಯಲ್ಲಿ ಮಾತಾಡು," ಎಂದ ಓಂಕಾರ, ಮರಾಠಿಯಲ್ಲಿ. "ಇದು ಠಾಣೆ."

ಮಹಿಬೂಬ ಮರಾಠಿಗೆ ಹೊರಳಿದ.

"ಮರಿ ಎಲ್ಲಿ?"

"ತಿಂದವು ಸಾಹೇಬ್. ಕರಿ ಮೀನು ತಿಂದವು. ಯಾರೋ ತಂದು ಬಿಡುತ್ತಿದ್ದರು. ಶುಕ್ರವಾರ ನಾನು ನಮಾಜಿಗೆ ಹೋದ ಹೊತ್ತಿನಲ್ಲಿ."

"ಯಾರು?"

"ಹೆಸರು ಗೊತ್ತಿಲ್ಲ. ವಯಸ್ಸಾದವರು. ಒಮ್ಮೆ ಮಾತ್ರ ಎದುರು ಸಿಕ್ಕರು. ಬೇಡ, ಇವು ಮರಿ ತಿನ್ನುತ್ತವೆ ಎಂದೆ. ಮಾತಾಡದೆ ಹೋದರು. ಆಮೇಲೆ ನಾನಿಲ್ಲದಾಗ ಬರತೊಡಗಿದರು."

"ಸಂಘಕ್ಕೆ ಯಾಕೆ ಹೇಳಲಿಲ್ಲ?"

ಮಹಿಬೂಬ ನೆಲ ನೋಡಿದ. "ಕಾವಲು ಬಿಟ್ಟು ಹೋಗಿದ್ದೆ ಎಂದು ಹೇಳಬೇಕಾಗಿತ್ತು. ನಾನೇ ಹಿಡಿದು ಮುಗಿಸುತ್ತೇನೆ ಅಂದುಕೊಂಡೆ. ಇಪ್ಪತ್ತೇಳು ಹಿಡಿದೆ. ದಂಡೆಯ ಜಾಲಿಗಿಡದ ಬುಡದಲ್ಲಿ ಹೂತಿದ್ದೇನೆ. ಅಗೆದು ನೋಡಿ."

ಓಂಕಾರ ನಕ್ಕುಬಿಟ್ಟ. "ಕೆರೆಯಿಂದ ಮೀನು ಕದಿಯುವವರನ್ನು ನೋಡಿದ್ದೇನೆ. ಮೀನು ತಂದು ಕೆರೆಗೆ ಹಾಕುವ ಕಳ್ಳ ನಿನಗೊಬ್ಬನಿಗೇ ಕಂಡದ್ದು." ಮಂದಾಕಿನಿ ಪೆನ್ನು ತೆರೆದು ಕೂತಿದ್ದಳು. "ಈ ಪುರಾಣ ಬರೆಯಬೇಡಿ," ಎಂದ.

ಅವಳು ಪೆನ್ನು ಮುಚ್ಚಿದಳು. ಮಧ್ಯಾಹ್ನ ನ್ಯಾಯಾಲಯ ಶನಿವಾರದವರೆಗೆ ಪೊಲೀಸ್ ಕಸ್ಟಡಿ ಕೊಟ್ಟಿತು. ಮಹಿಬೂಬನ ಹೆಂಡತಿ ಕೋರ್ಟಿನ ಮೆಟ್ಟಿಲ ಮೇಲೆ ಸಂಜೆಯವರೆಗೂ ಕೂತಿದ್ದಳು. ಸಂಘ ಅವನನ್ನು ಕೆಲಸದಿಂದ ತೆಗೆಯಿತು.

17ನೇ ತಾರೀಖು, ಬುಧವಾರ, ಮರಾಠವಾಡಾ ಮುಕ್ತಿ ದಿನ. ಧ್ವಜವಂದನೆ ಮುಗಿಸಿ ಬಂದ ಮೇಲೆ ಮಂದಾಕಿನಿ ಮೇಜಿನ ಮುಂದೆ ನಿಂತಳು.

"ಸರ್, ಇಷ್ಟಿಷ್ಟು ಮರಿಯನ್ನು ಯಾರು ಕೊಳ್ಳುತ್ತಾರೆ? ಡಬ್ಬಿಯಲ್ಲಿ ತುಂಬಿದರೆ ಹಳ್ಳಿ ದಾಟುವ ಮೊದಲೇ ಸತ್ತಿರುತ್ತವೆ. ಆಮ್ಲಜನಕ ತುಂಬಿದ ಚೀಲ ಬೇಕು. ಆ ಸಾಕ್ಷಿ ಹೇಳಿದ್ದು ಆಗುವ ಮಾತಲ್ಲ."

"ನಿಮಗೆ ಮೀನಿನ ವಿಷಯ ಭಾರೀ ಗೊತ್ತಿದೆ."

"ಗೊತ್ತಿದೆ ಸರ್. ನಮ್ಮ ಮನೆಯಲ್ಲಿ ತಿನ್ನುತ್ತೇವೆ."

ಕುಹಕಕ್ಕೆ ಅಷ್ಟು ಸರಳವಾದ ಉತ್ತರ ಬಂದರೆ ಮನುಷ್ಯ ಎತ್ತ ನೋಡಬೇಕು? ಓಂಕಾರ ಫೈಲು ನೋಡಿದ. ಕೆರೆ ಬತ್ತಿಸಿ ನೋಡುವುದಕ್ಕೆ ಗೋವಿಂದನಿಗೆ ಹೇಳಿಕಳಿಸಿದ.

18ನೇ ತಾರೀಖು ಬೆಳಿಗ್ಗೆ 8.30. ಪಂಪು ಹಾಕಿ ನೀರು ಇಳಿಸಿ ಸಂಘದವರು ಉದ್ದ ಬಲೆ ಎಳೆದರು. ಬಲೆಯ ತುಂಬ ಕಪ್ಪು ಮೀನು, ಮೊಳದುದ್ದದವು, ಮೀಸೆ ಹೊತ್ತವು. ನೀರಿಲ್ಲದ ದಂಡೆಯ ಮೇಲೂ ಅರ್ಧ ಗಂಟೆ ಹೊರಳಾಡಿದವು. ಐವತ್ತೆಂಟು. ಗೋವಿಂದ ತಲೆಯ ಮೇಲೆ ಕೈ ಹೊತ್ತು ಕುಕ್ಕರಿಸಿದ.

ಮೀನುಗಾರಿಕೆ ಇಲಾಖೆಯ ಅಧಿಕಾರಿ ಮಧುರಾ ಕಾಳೆ ಒಂದನ್ನು ಎತ್ತಿ ನೋಡಿದಳು. "ಥಾಯ್ ಮಾಂಗೂರ್. ಇದನ್ನು ಸಾಕುವುದು, ಮಾರುವುದು ಎರಡಕ್ಕೂ ನಿಷೇಧವಿದೆ. ಕೆಸರಿನಲ್ಲಿ ಹುದುಗಿರುತ್ತದೆ, ಬೀಸುಬಲೆಗೆ ಸಿಗುವುದಿಲ್ಲ. ಇದಿರುವ ನೀರಿನಲ್ಲಿ ಬೇರೆ ಏನೂ ಉಳಿಯುವುದಿಲ್ಲ." ಹೊಟ್ಟೆ ಸೀಳಿ ತೋರಿಸಿದಳು. ಅರ್ಧ ಕರಗಿದ ರೋಹು ಮರಿಗಳು ಅಂಟಿಕೊಂಡಿದ್ದವು. ಓಂಕಾರ ಈ ಸಲ ಮೂಗಿಗೆ ಕರವಸ್ತ್ರ ಹಿಡಿಯಲಿಲ್ಲ. ಕೆಸರಿನಲ್ಲಿ ಇಳಿದು ಬಗ್ಗಿ ನೋಡಿದ.

ಆಮೇಲೆ ಯಾರೂ ಹೇಳದಿದ್ದರೂ ಜಾಲಿಗಿಡದ ಕಡೆ ನಡೆದ. ವಿಶಾಲ ಗುದ್ದಲಿ ಹಾಕಿದ. ಒಂದೂವರೆ ಅಡಿಗೆ ಮುಳ್ಳು, ತಲೆಬುರುಡೆ ಸಿಗತೊಡಗಿದವು. ಪಂಚರ ಎದುರು ವಿಶಾಲ ಗಟ್ಟಿಯಾಗಿ ಎಣಿಸಿದ. ಹತ್ತು ದಾಟಿದ ಮೇಲೆ ಓಂಕಾರನಿಗೆ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸಿತು.

"ಇಪ್ಪತ್ತೇಳು ಸರ್."

"ಇವು ತಾವಾಗಿ ಇಲ್ಲಿಗೆ ಬರುವುದಿಲ್ಲ," ಎಂದಳು ಮಧುರಾ. "ಯಾರೋ ಮಾರ್ಕೆಟ್ಟಿನಿಂದ ತಂದಿದ್ದಾರೆ. ಅಲ್ಲಿಗೆ ಬರುವ ಹೊತ್ತಿಗೆ ರೋಹು ಕಟ್ಲಾ ಸತ್ತಿರುತ್ತವೆ. ಜೀವಂತ ಮೀನೇ ಬೇಕು ಅಂದವರಿಗೆ ಕದ್ದುಮುಚ್ಚಿ ಕೊಡುವುದು ಇದನ್ನೇ."

"ಜೀವಂತವೇ ಯಾಕೆ ಬೇಕು?"

ಮಂದಾಕಿನಿ ಮೆಲ್ಲಗೆ ಹೇಳಿದಳು: "ತಿನ್ನುವವರು ಹಾಗೆ ಹಟ ಹಿಡಿಯುವುದಿಲ್ಲ ಸರ್. ತಿನ್ನದವರು ಹಿಡಿಯುತ್ತಾರೆ. ನೀರಿಗೆ ಬಿಟ್ಟು ಪುಣ್ಯ ಪಡೆಯುವುದಕ್ಕೆ."

ಮಹಿಬೂಬನನ್ನು ಆಗಲೇ ಬಿಡಿಸಬಹುದಿತ್ತು. ವರದಿ ಬರೆಯಲು ಹತ್ತು ನಿಮಿಷ ಸಾಕು. "ಆರೋಪಿ ಸಿಕ್ಕ ಮೇಲೆ ಎರಡೂ ಒಟ್ಟಿಗೆ ಕಳಿಸೋಣ," ಎಂದ ಓಂಕಾರ. ಒಬ್ಬನನ್ನು ಬಿಡುವಾಗ ಇನ್ನೊಬ್ಬ ಕೈಯಲ್ಲಿದ್ದರೆ ಮೇಲಿನವರು ಹೆಚ್ಚು ಕೇಳುವುದಿಲ್ಲ. ಸಾಹೇಬರ ಮರ್ಯಾದೆಗಾಗಿ ಮಹಿಬೂಬ ಇನ್ನೂ ಎರಡು ದಿನ ಲಾಕಪ್ಪಿನಲ್ಲಿ ಕೂತ.

ಮಧ್ಯಾಹ್ನ 3ಕ್ಕೆ ನಗರದ ಮೀನು ಮಾರ್ಕೆಟ್ಟು. ಮೂಲೆಯಲ್ಲಿ ನೀಲಿ ಪೀಪಾಯಿ ಇಟ್ಟುಕೊಂಡ ಹೆಂಗಸು ಮೊದಲು ಮಾಂಗೂರ್ ಹೆಸರೇ ಕೇಳಿಲ್ಲ ಅಂದಳು. ಮಂದಾಕಿನಿ ಪೀಪಾಯಿಯ ಮುಚ್ಚಳ ಎತ್ತಿದ ಮೇಲೆ ನೆನಪು ಬಂತು.

"ಒಬ್ಬರು ಕಾಕಾ ಬರುತ್ತಾರೆ. ಶುಕ್ರವಾರ ಹನ್ನೊಂದಕ್ಕೆ. ಕರಿಯವೇ ಆಗಬೇಕು, ಹನ್ನೊಂದೇ ಆಗಬೇಕು. ಸ್ಟೀಲ್ ಡಬ್ಬಿ ತರುತ್ತಾರೆ. ನಾನು ಹಾಕುವವರೆಗೆ ಮುಖ ಆಚೆ ತಿರುಗಿಸಿ ನಿಲ್ಲುತ್ತಾರೆ. ಕಡಿದು ಕೊಡಲಾ ಅಂದರೆ ಅಳುವ ಹಾಗಾದರು."

"ಎಷ್ಟು ವಾರ?"

"ಶ್ರಾವಣ ಹಿಡಿದಾಗಿಂದ. ಎಂಟು."

"ಗುರುತು?"

"ಬಿಳಿ ಅಂಗಿ, ಸ್ಕೂಟರು. ಹಣೆಗೆ ಏನೋ ಹಚ್ಚಿ ಇಲ್ಲಿಗೆ ಬರುವ ಮೊದಲು ಒರೆಸಿಕೊಂಡಿರುತ್ತಾರೆ ಸಾಹೇಬ್. ಬಿಳಿ ಉಳಿದಿರುತ್ತದೆ."

ಎಂಟು ಹನ್ನೊಂದಲೆ ಎಂಬತ್ತೆಂಟು. ಐವತ್ತೆಂಟು ಬಲೆಯಲ್ಲಿ, ಇಪ್ಪತ್ತೇಳು ಮಣ್ಣಿನಲ್ಲಿ. ಉಳಿದ ಮೂರು ಏನಾದವೆಂದು ಇವತ್ತಿಗೂ ಗೊತ್ತಿಲ್ಲ. ಓಂಕಾರ ಲೆಕ್ಕವನ್ನು ಎರಡು ಸಲ ಮಾಡಿದ. ನಾಳೆಯೂ ಬಂದರೆ ಎಂದಿನಂತೆ ಕೊಟ್ಟು ಕಳಿಸಲು ಹೆಂಗಸಿಗೆ ಹೇಳಿದ. ಬಿಳಿ ಅಂಗಿ, ಸ್ಕೂಟರು, ಹಣೆ. ಯಾರ ಮನೆಯ ಚೂಡಾ ತಿಂದು ಬಂದಿದ್ದೇನೆ ಎಂಬುದು ಅವನಿಗೆ ಅಲ್ಲೇ ತಿಳಿಯಿತು.

19ನೇ ತಾರೀಖು, ಶುಕ್ರವಾರ. 12.45ರಿಂದ ಓಂಕಾರ, ಮಂದಾಕಿನಿ, ವಿಶಾಲ ಮೂವರೂ ಖಾಲಿ ಗುಡಿಸಲಿನಲ್ಲಿ ಕೂತರು. 1.25ಕ್ಕೆ ಕಾಲೊನಿಯ ಕಡೆ ಸ್ಕೂಟರು ನಿಂತಿತು. ಗುರುಲಿಂಗಪ್ಪನವರು ಬೇಲಿಯ ಸಡಿಲ ತಂತಿ ಎತ್ತಿ, ನುಸುಳಿ, ಡಬ್ಬಿ ಹಿಡಿದು ದಂಡೆ ಇಳಿದರು. ಅರವತ್ತಾರರ ವಯಸ್ಸಿಗೆ ಅಷ್ಟು ಸಲೀಸಾಗಿ ನುಸುಳಬೇಕಾದರೆ ಅಭ್ಯಾಸ ಬೇಕು. ಮೊಳಕಾಲುದ್ದ ಉಳಿದಿದ್ದ ನೀರಿಗೆ ಕೈಮುಗಿದು ಮುಚ್ಚಳ ತೆರೆದರು.

"ಅಣ್ಣಾರ."

ಡಬ್ಬಿ ಕೈಜಾರಿತು. ಹನ್ನೊಂದೂ ಕೆಸರಿನಲ್ಲಿ ಹೊರಳತೊಡಗಿದವು. ಮಂದಾಕಿನಿ, ವಿಶಾಲ ಅವುಗಳ ಹಿಂದೆ ಬಿದ್ದರು.

"ಏನ್ರಿ ಇದು?"

"ಜೀವದಾನ ರೀ."

"ಕೆರಿ ಖಾಲಿ ಆಗಿದ್ದು ಗೊತ್ತಿದ್ದೂ ಬಂದೀರಿ?"

"ಖಾಲಿ ಆಗೇದಂತನ ಬಂದೀನ್ರಿ. ಇನ್ನ ತಿನ್ನಾಕ ಏನದ ಅಲ್ಲಿ."

ಮಾತು ಬಾಯಿಂದ ಹೊರಬಿದ್ದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಈ ಮೀನು ಮರಿ ತಿನ್ನುತ್ತದೆ ಎಂದು ಅವರಿಗೆ ಗೊತ್ತಿತ್ತು. ಗುರುಲಿಂಗಪ್ಪನವರು ದಂಡೆಯ ಮೇಲೇ ಕೂತುಬಿಟ್ಟರು.

2.10ಕ್ಕೆ ಠಾಣೆಯಲ್ಲಿ ಹೇಳಿಕೆ ಶುರುವಾಯಿತು. ಅವರು ಕನ್ನಡದಲ್ಲಿ ಹೇಳಿದರು, ಓಂಕಾರ ಮರಾಠಿಯಲ್ಲಿ ಹೇಳಿ ಬರೆಸಿದ.

ಭಾಗ್ಯಶ್ರೀಗೆ ಎರಡು ಬಸಿರು ಐದನೇ ತಿಂಗಳಲ್ಲೇ ಹೋಗಿದ್ದವು. ಮೂರನೆಯದು ನಿಂತಾಗ ಗುರುಲಿಂಗಪ್ಪನವರು ಪೆನ್ಶನರುಗಳ ಸಭೆ ಎಂದು ಮನೆಯಲ್ಲಿ ಸುಳ್ಳು ಹೇಳಿ ನಾಸಿಕಕ್ಕೆ ಹೋದರು. ಅಲ್ಲಿ ಒಬ್ಬ ಜ್ಯೋತಿಷಿ ಶ್ರಾವಣದಿಂದ ಹನ್ನೊಂದು ಶುಕ್ರವಾರ ಹನ್ನೊಂದು ಕಪ್ಪು ಜೀವಗಳನ್ನು ಒಂದೇ ನೀರಿಗೆ ಬಿಡಲು ಹೇಳಿದ. ನಡುವೆ ನಿಲ್ಲಿಸಿದರೆ ಮಗುವಿಗೆ ಕೇಡು ಎಂದ.

"ಹುಟ್ಟಿದಾಗಿಂದ ಮೀನ ಮುಟ್ಟಿಲ್ರಿ ನಾ. ಯಾವ ಮೀನ ಏನ್ ತಿಂತದ ನನಗೇನ್ ಗೊತ್ತು."

"ಮಹಿಬೂಬ ಹೇಳಿದ್ನಲ್ಲ?"

"ಹೇಳ್ದಾ. ಇವನಿಗಿ ಹಿಡದು ತಿನ್ನಾಕ ಬೇಕಾಗ್ಯಾವ, ಅದಕ್ಕ ನನ್ನ ಓಡಸ್ತಾನ ಅಂದ್ಕೊಂಡೆ. ಅವ ನಮಾಜಿಗಿ ಹೋಗೋ ಹೊತ್ತ ನೋಡಿ ಬರಲಾಕ ಹತ್ತಿದೆ."

"ಡಬ್ಬಿ, ಗಾಡಿ?"

"ನೋಡಿಲ್ರಿ. ನೀವು ಒಂದೂವರೆ ಲಾಖ ಅಂದ್ರಲ್ಲ, ಆಗ ಅವನ ಮಾತು ನೆನಪಾತು. ಖರೇ ಹೇಳಬೇಕಂದ್ರ ಮೀನ ಬಜಾರ ಹೇಳಬೇಕು, ನಾಸಿಕ ಹೇಳಬೇಕು. ಶರಣ ಸಂಘದಾಗ ಯಾವ ಮಾರಿ ತೋರಸ್ಲಿ? ನೀವರೆ ಹೆಂಗೂ ಅವನ ಹೆಸರೇ ಕೇಳಲಾಕ ಹತ್ತಿದ್ರಿ. ಹೂಂ ಅಂದೆ."

ಓಂಕಾರ ಇದನ್ನು ಮರಾಠಿಗೆ ಹೇಳಲು ಸ್ವಲ್ಪ ತಡಮಾಡಿದ. ಗುರುಲಿಂಗಪ್ಪನವರು ಮೇಜಿನ ಮೇಲೆ ಬಾಗಿದರು.

"ಒಂದು ಕೇಳ್ತೀನ್ರಿ ಓಂಕಾರ. ಮರಿ ನಾನೇ ಕದ್ದೀನಂತ ಬರೀರಿ. ಕಳ್ಳ ಅಂತ ಬರೀರಿ, ಸಹಿ ಮಾಡ್ತೀನಿ. ಜ್ಯೋತಿಷಿ ಹಂತ್ಯಾಕ ಹೋಗಿದ್ದ ಅಂತ ಮಾತ್ರ ಬರೀಬ್ಯಾಡ್ರಿ."

ಓಂಕಾರನಿಗೆ ಅವರ ಮೇಲೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ನಾಚಿಕೆ. ಬೆಳಿಗ್ಗೆಯಿಂದ ಅವನೂ ಮಹಿಬೂಬನ ಬಿಡುಗಡೆ ವರದಿಗೆ ಇಂಥದೇ ಒಂದು ವಾಕ್ಯ ಹುಡುಕುತ್ತಿದ್ದ, 'ಹೊಸ ಮಾಹಿತಿ ದೊರೆತ ಕಾರಣ' ಎಂದೇನೋ.

"ಎಲ್ಲ ಬರೆಯಿರಿ," ಎಂದ ಮಂದಾಕಿನಿಗೆ. "ಇದರ ಕೆಳಗೆ, ಕೇಸ್ ಡೈರಿಯಲ್ಲಿ, ನನ್ನದೂ ಬರೆಯಿರಿ. ಕರಿ ಮೀನಿನ ವಿಷಯ, ಹೂತ ಜಾಗ, ಎಲ್ಲವನ್ನೂ ಮಹಿಬೂಬ 16ಕ್ಕೇ ಹೇಳಿದ್ದ. ತನಿಖಾಧಿಕಾರಿ ಬರೆದುಕೊಳ್ಳಲಿಲ್ಲ."

"ಅದನ್ನೂ ಬರೆಯಲಾ ಸರ್?"

"ಬರೆಯಬೇಡಿ ಅಂದವನು ನಾನು. ಅದನ್ನೂ ಸೇರಿಸಿ."

4.05ಕ್ಕೆ ಗುರುಲಿಂಗಪ್ಪನನ್ನು ಬಂಧಿಸಲಾಯಿತು. ನಿಷೇಧಿತ ಮೀನು ಬಿಟ್ಟು ಸಂಘದ ಸ್ವತ್ತು ನಾಶ ಮಾಡಿದ್ದು, ಸರ್ಕಾರಿ ನೌಕರನಿಗೆ ಸುಳ್ಳು ಮಾಹಿತಿ ಕೊಟ್ಟದ್ದು ಎಂದು ದಾಖಲೆ. ಮಗಳಿಗೆ ಮಂದಾಕಿನಿ ಫೋನು ಮಾಡಿದಳು. ಮೊಮ್ಮಗುವಿನ ಆಸೆ ಅವನನ್ನು ನಾಸಿಕದವರೆಗೆ ಒಯ್ದಿತ್ತು; ಅದನ್ನು ಯಾರಾದರೂ ಕ್ಷಮಿಸಿಯಾರು. ಇನ್ನೊಂದು ಮಗುವಿನ ತಂದೆಯನ್ನು ಲಾಕಪ್ಪಿಗೆ ತಳ್ಳಿದ್ದು ಆ ಆಸೆಯಲ್ಲ, ನಾಲ್ಕು ಜನರ ಮುಂದೆ ಮುಖ ಸಣ್ಣದಾದೀತೆಂಬ ಅಂಜಿಕೆ. ದೋಷಾರೋಪ ಪಟ್ಟಿಯಲ್ಲಿ ಅದನ್ನು ಬರೆಯುವ ಕಲಂ ಇಲ್ಲ.

ಶನಿವಾರ ಬೆಳಿಗ್ಗೆ 11.30ಕ್ಕೆ ವರದಿ ನೋಡಿ ನ್ಯಾಯಾಲಯ ಮಹಿಬೂಬನನ್ನು ಬಿಟ್ಟಿತು. ಓಂಕಾರ ಕೋರ್ಟಿನ ಹೊರಗೆ ಅವನಿಗಾಗಿ ಕಾಯುತ್ತಿದ್ದ.

"ತಪ್ಪಾತು ಮಹಿಬೂಬ," ಎಂದ, ಕನ್ನಡದಲ್ಲಿ.

ಮಹಿಬೂಬ ಅವನನ್ನು ನೋಡಿದ. ಐದು ದಿನದ ಗಡ್ಡ, ಮುದುಡಿದ ಅಂಗಿ.

"ಇಲ್ಲಿ ಹೇಳಿದ್ರ ಏನ್ ಬಂತ್ರಿ ಸಾಹೇಬ್ರ? ಇಲ್ಲಿ ಯಾರಿಗಿ ನಾ ಗೊತ್ತು? ನನ್ನ ಓಣ್ಯಾಗ ಬಂದು ಹೇಳ್ರಿ."

ಭಾನುವಾರ, 21ನೇ ತಾರೀಖು, ಬೆಳಿಗ್ಗೆ 9ಕ್ಕೆ ಓಂಕಾರ ಸಮವಸ್ತ್ರದಲ್ಲಿ ಆ ಓಣಿಗೆ ನಡೆದು ಹೋದ. ಜೀಪನ್ನು ರಸ್ತೆಯಲ್ಲೇ ಬಿಟ್ಟಿದ್ದ. ಗೋವಿಂದ ಮತ್ತು ಸಂಘದವರೂ ಬಂದಿದ್ದರು. ಕಟ್ಟೆಯ ಮೇಲೆ, ಬಾಗಿಲಲ್ಲಿ, ಮಾಳಿಗೆಯಲ್ಲಿ ಜನ ನಿಂತರು. ಮಹಿಬೂಬ ತನ್ನ ಹೊಸ್ತಿಲಲ್ಲಿ ಮಗಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದ. ಓಂಕಾರ ಒಂದು ಪುಟದ ಕಾಗದ ತೆಗೆದು ಮರಾಠಿಯಲ್ಲಿ ಓದಿದ. ಮಹಿಬೂಬ ಮರಿ ಕದ್ದಿಲ್ಲ. ಕೆರೆ ಉಳಿಸಲು ಇಪ್ಪತ್ತೇಳು ಮೀನು ಹಿಡಿದವನು ಅವನೊಬ್ಬನೇ. ಅವನು ನಿಜ ಹೇಳಿದ್ದ, ನಾನು ಕೇಳಲಿಲ್ಲ. ಕೊನೆಯ ಸಾಲಿಗೆ ಬರುವಾಗ ದನಿ ಕುಗ್ಗಿತು.

ಓಂಕಾರ ಕಾಗದ ಮಡಚತೊಡಗಿದ.

"ಇನ್ನೊಮ್ಮೆ ಓದ್ರಿ ಸಾಹೇಬ್ರ," ಎಂದ ಮಹಿಬೂಬ. "ಹಿಂದಿನವರಿಗಿ ಕೇಳಿಸಿಲ್ಲ."

ಓಂಕಾರ ಕಾಗದ ಬಿಚ್ಚಿದ. ಮೊದಲಿನಿಂದ, ಗಟ್ಟಿಯಾಗಿ, ಓದಿದ.